ಬೀಗದ ಕಿಂಡಿಯ ಸಂಸಾರ

ಷಡ್ಡಕನ ಮನೆಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ವಿಜ್ಞಾನದ ಮೇಷ್ಟ್ರು ಬೆನ್ನುನೋವು, ಪರೀಕ್ಷೆಯ ಪೇಪರು ಎಲ್ಲವನ್ನೂ ಬಳಸಿ ಮುಗಿಸಿದ್ದರು. ಹೆಂಡತಿಯ ತಂಗಿಯ ಗಂಡನಾದ ಆ ಮಹಾನುಭಾವ ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಸಿದ್ದ. ಕಟ್ಟಿಸಿದ್ದಕ್ಕೆ ಮೇಷ್ಟ್ರ ತಕರಾರಿರಲಿಲ್ಲ. ಕಟ್ಟಿಸಿದ ಕಥೆಯನ್ನು ಪಾಯ ತೋಡಿದ ದಿನದಿಂದ ಹೇಳುತ್ತಿದ್ದನಲ್ಲ, ಅದೇ ತಲೆನೋವು. (ಹೋದ ಸಲ ಕಥೆ ಕಿಟಕಿ ಮಟ್ಟಕ್ಕೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಜ್ವರ ಬಂದಿತ್ತು.)

ಹೊರಡುವ ಹಿಂದಿನ ದಿನ ದೇವರು ಕಣ್ಣು ಬಿಟ್ಟ. ಮುಂಬಾಗಿಲಿನ ಬೀಗದ ಕಿಂಡಿಯೊಳಗೆ ಒಂಟಿ ಕಣಜದ ಹುಳವೊಂದು ಗೂಡು ಮಾಡಿ ಮಣ್ಣು ಮೆತ್ತಿತ್ತು. ಮನೆಯಲ್ಲಿ ಸದಾ ಅಮ್ಮ ಇರುವುದರಿಂದ ಬೀಗದ ಗೊಡವೆಗೆ ಯಾರೂ ಹೋಗಿರಲಿಲ್ಲ. ಹೆಂಡತಿ ಹೇರ್‌ಪಿನ್ನು ಹಿಡಿದು ಬಂದಳು. ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

"ಒಳಗೆ ಮರಿಗಳಿವೆ ಕಣೇ. ಪಾಪ, ಹೆಣ್ಣು ಒಬ್ಬಳೇ ಜೇಡ ಹಿಡಿದು ತರ್ತಾಳೆ. ಕೊಲ್ಲಲ್ಲ, ಕುಟುಕಿ ಬಿಡ್ತಾಳೆ ಅಷ್ಟೆ. ಜೇಡಕ್ಕೆ ಜೀವ ಇರುತ್ತೆ, ಅಲ್ಲಾಡಕ್ಕಾಗಲ್ಲ. ಜೊತೆಗೊಂದು ಮೊಟ್ಟೆ ಇಟ್ಟು ಬಾಗಿಲು ಮೆತ್ತಿದಳು ಅಂದ್ರೆ, ಮರಿ ಅದನ್ನ ನಿಧಾನವಾಗಿ ತಿಂದ್ಕೊಂಡು ಬೆಳೆಯುತ್ತೆ."

"ಥೂ. ಗಂಡು ಏನು ಮಾಡುತ್ತೆ?"

"ಹೆಣ್ಣು ಬೇಟೆಗೆ ಹೋದಾಗ ಬಾಗಿಲಲ್ಲಿ ಕೂತು ಕಾವಲು ಕಾಯುತ್ತೆ," ಎಂದರು ಮೇಷ್ಟ್ರು, ತಾವೇ ಕಾದವರಂತೆ ಎದೆಯುಬ್ಬಿಸಿ. "ಮರಿಗಳು ಹೊರಗೆ ಬರೋಕೆ ತಿಂಗಳಾದರೂ ಬೇಕು. ಈ ಸಲ ಅಮ್ಮನೂ ಹೊರಟಿದ್ದಾರೆ, ಬೀಗ ಹಾಕದೆ ಮನೆ ಬಿಟ್ಟು ಹೋಗೋದು ಹೇಗೆ? ಪ್ರಯಾಣ ರದ್ದು."

ಬಟ್ಟೆಬರೆ ಕಟ್ಟಿಕೊಂಡು ಸಿದ್ಧರಾಗಿದ್ದ ಅಮ್ಮ ಒಳಗಿನಿಂದಲೇ ಅಂದರು: "ರದ್ದು ಯಾಕಪ್ಪ? ನಾನೂ ಸೊಸೆಯೂ ಹೋಗಿಬರ್ತೀವಿ. ನೀನು ಕಾವಲು ಕೂತ್ಕೋ. ಗಂಡು ತಾನೇ."

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದ ಮೇಲೆ ಮಾತ್ರ ತ್ಯಾಗಮೂರ್ತಿಯ ಕಳೆ ತಂದುಕೊಂಡು ಒಪ್ಪಿದರು.

ಮರುದಿನ ಅತ್ತೆ ಸೊಸೆಯರನ್ನು ಬಸ್ಸು ಹತ್ತಿಸಿ ಕಳಿಸಿದವರೇ ಆರಾಮ ಕುರ್ಚಿಯನ್ನು ಬಾಗಿಲಿಗೆಳೆದು ಕಾಲು ಚಾಚಿದರು. ಎಷ್ಟೋ ವರ್ಷಗಳ ಮೇಲೆ ಮನೆ ಅವರೊಬ್ಬರದಾಗಿತ್ತು. ಸಂಜೆ ಗೇಟಿನ ಮುಂದೆ ಆಟೋ ನಿಂತಿತು. ದೊಡ್ಡ ಸೂಟ್‌ಕೇಸಿನ ಹಿಂದೆ ಷಡ್ಡಕ ಇಳಿದ.

"ಅತ್ತಿಗೆ ನಿನ್ನೆನೇ ಫೋನ್ ಮಾಡಿದ್ರು. ಒಬ್ಬರೇ ಕಾವಲು ಕೂತಿರ್ತಾರೆ, ಬೇಜಾರಾಗುತ್ತೆ ಅಂದ್ರು. ಅಲ್ಲಿ ಹೆಂಗಸರು ಹಾಯಾಗಿರಲಿ ಅಂತ ನಾನು ಬಂದುಬಿಟ್ಟೆ. ಮರಿಗಳು ಹೊರಗೆ ಬರೋವರೆಗೂ ಇಲ್ಲೇ ಇರ್ತೀನಿ."

ಮೇಷ್ಟ್ರು ಮೇಜು, ಕಿಟಕಿಯ ಅಂಚು ಎಲ್ಲ ತಡಕಾಡಿ ಹೇರ್‌ಪಿನ್ನು ಹುಡುಕಿದರು. ಅದು ಹೆಂಡತಿಯ ತಲೆಯ ಮೇಲೆ ಕೂತು ಸಮುದ್ರ ನೋಡಲು ಹೋಗಿತ್ತು. ಅಷ್ಟರಲ್ಲಿ ಷಡ್ಡಕ ಬಾಗಿಲು ಮುಚ್ಚಿ, ಇನ್ನೊಂದು ಕುರ್ಚಿಯನ್ನು ಅವರ ಮಗ್ಗುಲಿಗೇ ಎಳೆದುಕೊಂಡ.

"ಹೋದ ಸಲ ಕಿಟಕಿವರೆಗೆ ಬಂದಿದ್ವಿ ಅಲ್ವಾ? ಬೇಡ, ಮೊದಲಿಂದಲೇ ಹೇಳ್ತೀನಿ. ಪಾಯ ತೋಡಿದ ದಿನ ಏನಾಯ್ತು ಅಂದ್ರೆ..."

ಮೇಷ್ಟ್ರಿಗೆ ಜೀವವೇನೋ ಇತ್ತು. ಅಲ್ಲಾಡಲು ಮಾತ್ರ ಆಗಲಿಲ್ಲ.