ಇಗರ್ಜಿಯಲ್ಲಿ ಸೊನಾಟ, ಜೊತೆಗೆ ಹಾರ್ಮೋನಿಯಂ

ಉಪ್ಪಳದ ಆಸುಪಾಸಿನಲ್ಲಿ ಕರ್ನಾಟಕ ಸಂಗೀತದ ವಯಲಿನ್ ಕಲಿಸಿ ಬದುಕುವವನ ಜೀವನದಲ್ಲಿ ವಿಶೇಷವೇನೂ ನಡೆಯುವುದಿಲ್ಲ ಎಂದು ನಾನು ಪ್ರತಿವರ್ಷ ನಂಬುತ್ತೇನೆ. ಪ್ರತಿವರ್ಷ ಯಾರಾದರೂ ಬಂದು ಆ ನಂಬಿಕೆ ಕೆಡಿಸುತ್ತಾರೆ. ಆ ವರ್ಷ ಬಂದದ್ದು ನನ್ನ ಹಳೆಯ ಶಿಷ್ಯೆ.

೧. ಪಾಠ

ಅವಳು ದುಬೈಯಲ್ಲಿ ನರ್ಸ್. ಅಲ್ಲಿ ಪಾಶ್ಚಾತ್ಯ ವಯಲಿನ್ ಕಲಿತಿದ್ದಳು. ತನ್ನ ಮದುವೆಗೆಂದು ಊರಿಗೆ ಬಂದವಳು ನನ್ನ ಮುಂದೆ ನಾಲ್ಕು ಹಾಳೆ ಇಟ್ಟಳು. ಮುನ್ನೂರು ವರ್ಷ ಹಿಂದಿನ ಇಟಲಿಯ ಸೊನಾಟ, ಕೆಲವು ಭಾಗಗಳ ವಾದ್ಯಕೃತಿ. ಮೇಲೆ ವಯಲಿನ್‌ಗೆ ಒಂದು ಸಾಲು. ಕೆಳಗೆ ಜೊತೆಯವನಿಗೆ ಮಂದ್ರದ ಒಂದು ಸಾಲು, ಅದರಡಿ ಅಂಕಿಗಳು.

"ನಾನು ಇಗರ್ಜಿಯೊಳಗೆ ನಡೆದು ಬರುವಾಗ ಇದರ ನಿಧಾನದ ಭಾಗ ನೀವು ಬಾರಿಸಬೇಕು ಸರ್. ಹಾಲ್, ಊಟ, ನನ್ನ ಗೌನ್ ಎಲ್ಲ ಮನೆಯವರೇ ನಿಶ್ಚಯ ಮಾಡಿ ಆಯಿತು. ಇದೊಂದಾದರೂ ನನ್ನದಾಗಲಿ."

ಆ ಲಿಪಿ ನನಗೆ ಓದಲು ಬರುವುದಿಲ್ಲ ಎಂದೆ. ಹತ್ತು ದಿನ ನನ್ನದೇ ಚಾಪೆಯಲ್ಲಿ ಕುಳಿತು ನನಗೆ ಪಾಠ ಹೇಳಿದಳು. ಹನ್ನೊಂದನೆಯ ದಿನ ಹೆಂಡತಿ ತಿಂಡಿ ಬಡಿಸುವ ಮೊದಲು ಕೇಳಿದಳು: "ಹೋಮ್‌ವರ್ಕ್ ಆಯಿತಾ?"

೨. ಆಸನ

ರಿಹರ್ಸಲ್‌ಗೆ ಇಗರ್ಜಿಗೆ ಹೋದೆ. ನಿಂತು ವಯಲಿನ್ ಬಾರಿಸಿ ಗೊತ್ತಿಲ್ಲದವನು ನಾನು. ಎದುರಿನ ಬೆಂಚಿನ ಮುಂದೆ ಚಾಪೆ ಹಾಸಿ ಚಕ್ಕಳಮಕ್ಕಳ ಕುಳಿತೆ. ಪ್ರಾರ್ಥನೆಗೆ ಬಂದಿದ್ದ ಇಬ್ಬರು ಅಜ್ಜಿಯರು, ಏನೋ ಹೊಸ ಕ್ರಮ ಇರಬೇಕೆಂದು, ನನ್ನ ಹಿಂದೆ ನೆಲದಲ್ಲೇ ಕುಳಿತರು. ಅವರನ್ನು ನೋಡಿ ಇನ್ನೂ ನಾಲ್ಕು ಮಂದಿ.

ಫಾದರ್ ಬಾಗಿಲಲ್ಲಿ ನಿಂತು ನೋಡಿದರು. "ಎಂತ ಮಾಷ್ಟ್ರೇ, ನಮ್ಮ ಮೇಲೆ ಸತ್ಯಾಗ್ರಹವಾ?"

೩. ಅಂಕಿಗಳು

ಇಗರ್ಜಿಯ ಕೀಬೋರ್ಡಿನವನಿಗೆ ಶಿಷ್ಯೆಯ ಮದುವೆಯ ದಿನವೇ ತನ್ನ ಅಣ್ಣನ ಮದುವೆ. ನಾನು ನಮ್ಮ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಬಾರಿಸುವ, ಊರೆಲ್ಲ ಹಾರ್ಮೋನಿಯಂ ಅಣ್ಣ ಎನ್ನುವ ಹಿರಿಯರನ್ನು ಹಿಡಿದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿದರು.

"ಈ ನಂಬರ್ ಎಂತದು ಮಾಷ್ಟ್ರೇ? ಬಸ್ಸಿನ ಟೈಮಾ?"

ಕೆಳಗಿನ ಸ್ವರದ ಮೇಲೆ ಯಾವ ಸ್ವರ ಸೇರಿಸಬೇಕೆಂದು ಅಂಕಿ ಹೇಳುತ್ತದೆ, ಹೇಗೆ ತುಂಬಿಸುವುದೆಂಬುದು ಬಾರಿಸುವವನ ಇಷ್ಟ ಎಂದೆ.

"ಬರೆದವರು ಪೂರ್ತಿ ಬರೆದಿಲ್ಲವಾ?"

"ಇಲ್ಲ. ಜೊತೆಯವನ ಮೇಲೆ ನಂಬಿಕೆ."

ಅವರು ಹಾಳೆ ಮಡಚಿ ಜೇಬಿಗಿಟ್ಟರು. "ಪಾಪ, ನನ್ನನ್ನು ನೋಡಿರಲಿಲ್ಲ."

೪. ಮದುವೆ

ನಾನು ನಿಂತೇ ಬಾರಿಸಿದೆ. ಮೂರು ನಿಮಿಷದ ಸಂಗೀತ. ವಧುವಿನ ಅಪ್ಪ ಮಗಳ ಕೈಹಿಡಿದು ಕೊನೆಯ ಬಸ್ ಹಿಡಿಯುವವರಂತೆ ನಡೆದು ನಲವತ್ತು ಸೆಕೆಂಡಿನಲ್ಲಿ ಪೀಠದ ಮುಂದೆ ಮುಟ್ಟಿಸಿದರು. ಫಾದರ್ ಪ್ರಾರ್ಥನೆಗೆ ಬಾಯಿ ತೆರೆದರು. ಶಿಷ್ಯೆ ಮೆಲ್ಲಗೆ ಕೈ ಎತ್ತಿ ಅವರನ್ನು ತಡೆದು, ಕಣ್ಣುಮುಚ್ಚಿ ಕೊನೆಯ ತನಕ ಕೇಳಿದಳು. ನನ್ನ ಜವಾಬ್ದಾರಿ ಮುಗಿಯಿತೆಂದು ಕಮಾನು ಇಳಿಸಿದೆ.

ಹಾರ್ಮೋನಿಯಂ ನಿಲ್ಲಲಿಲ್ಲ.

"ಅಣ್ಣ, ಮುಗಿಯಿತು," ಎಂದು ಪಿಸುಗುಟ್ಟಿದೆ.

"ಮುಗಿಯುವುದು ಹೇಗೆ? ಮಂಗಳ ಆಗಿಲ್ಲವಲ್ಲ. ಏಕಾಹ ಭಜನೆಗೆ ಸೂರ್ಯೋದಯದಿಂದ ಮರುದಿನ ಸೂರ್ಯೋದಯದ ತನಕ ಶ್ರುತಿ ಕಡಿದವನಲ್ಲ ನಾನು. ನೀವು ಸುಮ್ಮನಿರಿ."

ಫಾದರ್ ಬೇರೆ ದಾರಿ ಕಾಣದೆ ಪ್ರಾರ್ಥನೆ ಹಾಡಲು ತೊಡಗಿದರು. ಅವರು ಸಜ್ಜನರು, ಹಾಡುವಾಗ ಮಾತ್ರ ಸಾಲಿಗೊಂದು ಶ್ರುತಿ. ಅಂದು ಹಾರ್ಮೋನಿಯಂ ಅವರನ್ನು ಹಿಡಿದು ನಿಲ್ಲಿಸಿತು. ಜನ ತಲೆ ಎತ್ತಿ ನೋಡಿದರು. ಸಮ್ಮತಿ, ಉಂಗುರ, ಆಶೀರ್ವಾದ, ಎಲ್ಲವೂ ಒಂದೇ ಶ್ರುತಿಯಲ್ಲಿ ನಡೆದವು. ಶಿಷ್ಯೆಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಕಂಬದ ಮರೆಗೆ ಸರಿದೆ.

ಹೊರಗೆ ಅವಳು ಕಣ್ಣೊರೆಸುತ್ತ ಬಂದಳು, ನಗು ತಡೆಯಲಾರದೆ. "ಒಂದು ಭಾಗ ಸಾಕು ಎಂದಿದ್ದೆ ಸರ್. ನೀವು ಇಡೀ ಮದುವೆಯನ್ನೇ ನನ್ನದು ಮಾಡಿಬಿಟ್ಟಿರಿ."

ಹಿಂದಿನಿಂದ ಫಾದರ್ ಬಂದು ಹಾರ್ಮೋನಿಯಂ ಅಣ್ಣನ ಕೈ ಹಿಡಿದುಕೊಂಡರು. "ಇನ್ನು ಪ್ರತಿ ಭಾನುವಾರ ಪೂಜೆಗೆ ಬರಲು ಆಗುತ್ತದಾ?"

ಅಣ್ಣ ತುಂಬ ಸಂಕೋಚದಿಂದ ಹೇಳಿದರು: "ಭಾನುವಾರ ನಮ್ಮಲ್ಲಿ ಭಜನೆ ಉಂಟು ಫಾದರ್. ನಿಮ್ಮದನ್ನು ಸೋಮವಾರಕ್ಕೆ ಹಾಕಬಹುದಾ?"