ಕೂಗದ ಸ್ವೆಟರ್

ಅಣುಶಕ್ತಿಯ ಚರಿತ್ರೆ ಬರೆಯುವವರು ಫಿನ್ಲೆ ಸ್ವಾನ್ಸನ್‌ನ ಸ್ವೆಟರನ್ನು ಕೈಬಿಟ್ಟರೆ ಆ ಚರಿತ್ರೆ ಅಪೂರ್ಣವೆಂದೇ ತಿಳಿಯಬೇಕು.

ಸ್ಕಾಟ್ಲೆಂಡಿನ ಉತ್ತರ ಕಡಲಂಚಿನ ನಮ್ಮ ಅಣು ಸ್ಥಾವರ ವಿದ್ಯುತ್ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಈಗ ಉಳಿದಿರುವುದು ಬಿಚ್ಚುವ ಕೆಲಸ. ಬಿಚ್ಚುವವರಲ್ಲಿ ಫಿನ್ಲೆಯೂ ಒಬ್ಬ. ಸ್ವೆಟರ್ ಅವನ ಅತ್ತೆ, ಹೆಂಡತಿಯ ತಾಯಿ ಜೊಹಾನಾ ಹೆಣೆದದ್ದು. ಎದೆಯ ಮೇಲಿರುವುದು ಕಡಲಪ್ರಾಣಿ ಸೀಲ್ ಎಂದು ಅತ್ತೆ, ಆಲೂಗಡ್ಡೆ ಎಂದು ಊರು. ತೋಳುಗಳೋ, ಬೆರಳ ತುದಿಯನ್ನೂ ನುಂಗುವಷ್ಟು ಉದ್ದ. ಭಾನುವಾರ ಅತ್ತೆಯ ಹುಟ್ಟುಹಬ್ಬ. ಅದನ್ನು ತೊಟ್ಟು, ಇಡೀ ಬಳಗದ ನಡುವೆ ಫೋಟೋಗೆ ನಿಲ್ಲಬೇಕು.

ಸ್ಥಾವರದ್ದೊಂದು ನಿಯಮವಿದೆ. ಹೊರಬರುವಾಗ ವಿಕಿರಣ ಪತ್ತೆಹಚ್ಚುವ ಬಾಗಿಲಿನ ಯಂತ್ರ ಕೂಗಿದರೆ, ಕೂಗಿಸಿದ ವಸ್ತು ಪೀಪಾಯಿ ಸೇರಿ ಕಾಂಕ್ರೀಟಿನಲ್ಲಿ ಸಮಾಧಿಯಾಗುತ್ತದೆ. ಅದಕ್ಕೆ ಅತ್ತೆಯಾದರೂ ಏನೆಂದಾರು?

ದಿನವೂ ಉಡುಪಿನ ಕೋಣೆಯಲ್ಲಿ ಅಜ್ಜನ ಕೈಗಡಿಯಾರ ಬಿಚ್ಚಿ, ಒರೆಸಿ, ಬೀರುವಿನಲ್ಲಿಟ್ಟೇ ಒಳಹೋಗುತ್ತಿದ್ದವನು ಅಂದು ಸ್ವೆಟರ್ ತೊಟ್ಟು, ಅದರ ಧ್ಯಾನದಲ್ಲೇ ನುಗ್ಗಿದ. ಕಂಡಕಂಡ ಪೈಪಿಗೆಲ್ಲ ಎಮ್ಮೆಯಂತೆ ಮೈ ತಿಕ್ಕಿದ.

"ಏನೋ ಮಾರಾಯ, ತುರಿಕೆನಾ?" ಎಂದ ಜೊತೆಗಾರ ಮ್ಯಾಗ್ನಸ್.

"ಚಳಿ ಕಣೋ."

"ಹಂಗಾದ್ರೆ ಆ ಮೂಲೆಗೆ ಹೋಗು. ಇಲ್ಲೆಲ್ಲಾ ತೊಳ್ದು ತೊಳ್ದು ನಮ್ಮನೆ ತಟ್ಟೆಗಿಂತ ಚೊಕ್ಕಟವಾಗಿದೆ."

ಫಿನ್ಲೆ ಮೂಲೆಗೂ ಹೋಗಿ ತಿಕ್ಕಿದ.

ಸಂಜೆ ಬಾಗಿಲಲ್ಲಿ ನಿಂತದ್ದೇ ತಡ, ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು. ಕಾವಲಿಗಿದ್ದವಳು ಇಷ್ಬೆಲ್, ಹೆಂಡತಿಯ ಚಿಕ್ಕಪ್ಪನ ಮಗಳು.

"ಅಯ್ಯೋ, ಅತ್ತೆ ಪ್ರೀತಿಯಿಂದ ಹೆಣೆದದ್ದು!" ಎಂದು ಫಿನ್ಲೆ ಬಾಡಿಗೆಗೆ ಅಳಲು ಬಂದವನಂತೆ ಅತ್ತು, ಸ್ವೆಟರ್ ಬಿಚ್ಚಿ ಮುಂದೆ ಹಿಡಿದ. "ಒಯ್ಯಮ್ಮ, ಒಯ್ಯಿ. ನಿಯಮ ನಿಯಮಾನೇ."

ಇಷ್ಬೆಲ್ ಸ್ವೆಟರಿನ ಮೇಲೆಲ್ಲ ಸಲಕರಣೆ ಆಡಿಸಿದಳು. ಸದ್ದಿಲ್ಲ. ಅವನ ಮಣಿಕಟ್ಟಿನ ಬಳಿ ತಂದಳು. ಕಿರುಚಿತು.

"ಇದೇನು ಭಾವ?"

ಉದ್ದ ತೋಳಿನೊಳಗೆ ಇಡೀ ದಿನ ಅವಿತಿದ್ದ ಅಜ್ಜನ ಗಡಿಯಾರ! ಫಿನ್ಲೆಯ ನಿಜವಾದ ಅಳು ಆಗ ಶುರುವಾಯಿತು.

"ಇದು ಇಲ್ಲಿಯ ವಿಷ ಅಲ್ಲ ಇಷ್ಬೆಲ್! ಕತ್ತಲಲ್ಲಿ ಹೊಳೀಲಿ ಅಂತ ಆ ಕಾಲದೋರು ಮುಳ್ಳಿಗೆ ಬಳಿದ ರೇಡಿಯಂ. ಅಜ್ಜ ಇದನ್ನ ಕಟ್ಕೊಂಡೇ ಮೀನು ಹಿಡೀತಿದ್ದ!"

"ಗೊತ್ತು ಭಾವ. ಆದ್ರೆ ಕೂಗಿದ್ದು ಹೊರಗೆ ಹೋಗೋ ಹಾಗಿಲ್ಲ. ನಿಯಮ ನಿಯಮಾನೇ, ನೀನೇ ಅಂದ್ಯಲ್ಲ." ಆಮೇಲೆ ಸ್ವೆಟರನ್ನು ಮಡಚಿ ಅವನ ಕೈಗಿಟ್ಟು ಸಮಾಧಾನ ಹೇಳಿದಳು: "ದೊಡ್ಡಮ್ಮ ಹೆಣೆದಿದ್ದಕ್ಕೆ ಏನೂ ಆಗ್ಲಿಲ್ವಲ್ಲ, ಅದೇ ಪುಣ್ಯ."

ಫಿನ್ಲೆ ಮನೆ ಮುಟ್ಟುವ ಮೊದಲೇ ಸುದ್ದಿ ಅತ್ತೆಯನ್ನು ಮುಟ್ಟಿತ್ತು. ಅಳಿಯನ ಕೈ ಬರಿದಾಯಿತೆಂದು ಜೊಹಾನಾ ಕಣ್ಣೀರಿಟ್ಟು, ಆಗಲೇ ಸೂಜಿ ಹಿಡಿದರು. ಭಾನುವಾರದೊಳಗೆ ಒಂದು ಜೊತೆ ಕೈಗವಸು ಸಿದ್ಧವಾಯಿತು, ಎರಡರ ಮೇಲೂ ಆಲೂಗಡ್ಡೆ.

ಫೋಟೋದಲ್ಲಿ ಫಿನ್ಲೆ ಎಲ್ಲವನ್ನೂ ತೊಟ್ಟಿದ್ದಾನೆ.