ಬೀಗಿತ್ತಿಯ ಪಕ್ಕ ಕೂತು ನೋಡಿದ ಸಿನಿಮಾ

ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು ಎನ್ನುವುದು ಈಚೆಗೆ ನನಗೆ ಮನವರಿಕೆಯಾಗಿದೆ. ವಾರವಿಡೀ ಆಫೀಸಿನ ಮೀಟಿಂಗುಗಳಲ್ಲಿ ತಲೆಯಾಡಿಸಿ, ರೈಲಿನಲ್ಲಿ ತೂಕಡಿಸುತ್ತಾ ಸಿಡ್ನಿಯ ಎಪ್ಪಿಂಗಿನ ಫ್ಲ್ಯಾಟಿಗೆ ಬಂದು ಬೀಳುವ ನನ್ನಂಥವಳಿಗೆ ಶನಿವಾರ ಬೇಕಾಗುವುದು ಹಾಸ್ಯವಲ್ಲ, ಹಾಸಿಗೆ. ಆದರೂ ಆ ಶನಿವಾರ ನಾನೇ ಮುಂದಾಗಿ ಐದು ಟಿಕೆಟ್ ಬುಕ್ ಮಾಡಿ, ಮನೆಮಂದಿಯನ್ನೆಲ್ಲ ಒಂದು ಹಾಸ್ಯಚಿತ್ರಕ್ಕೆ ಹೊರಡಿಸಿದೆ. ಕಾರಣ, ನನ್ನ ಬೀಗಿತ್ತಿ ರೋಸಾ.

ರೋಸಾ ನನ್ನ ಅಳಿಯ ಮಾರ್ಕೋನ ತಾಯಿ. ಹುಟ್ಟಿದ್ದು ಇಟಲಿಯ ಯಾವುದೋ ಹಳ್ಳಿಯಲ್ಲಿ, ಬಾಳಿದ್ದೆಲ್ಲ ಮೆಲ್ಬರ್ನಿನಲ್ಲಿ. ಮಗ, ಸೊಸೆಯ ಜೊತೆ ನಾಲ್ಕು ದಿನಕ್ಕೆಂದು ಬಂದವರು ಮೊದಲ ಬೆಳಿಗ್ಗೆಯೇ ನನ್ನ ಅಡುಗೆಮನೆಯನ್ನು ವಶಪಡಿಸಿಕೊಂಡರು. ಸಾರಿನಪುಡಿ ಡಬ್ಬಿ ಕೈಗೆಟುಕದ ಕಪಾಟಿಗೆ ಹೋಯಿತು. ಅದರ ಜಾಗದಲ್ಲಿ ಟೊಮ್ಯಾಟೊ ಬಾಟಲಿಗಳು ಸಾಲಾಗಿ ನಿಂತವು. ನಾನು ಸೌಟು ಹಿಡಿದರೆ, ಸುಸ್ತಾಗಿದ್ದೀರಿ ಕೂತುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ. ಕೂತರೆ, ಏನೂ ತಿನ್ನುತ್ತಿಲ್ಲವಲ್ಲ ಎಂದು ಇನ್ನೊಂದು. ನನ್ನ ಗಂಡ ಮಾತ್ರ ಎರಡೆರಡು ಸಲ ಬಡಿಸಿಕೊಂಡು, "ಪಾಪ, ಪ್ರೀತಿಯಿಂದ ಮಾಡ್ತಾರೆ ಕಣೇ" ಎಂದು ನನಗೇ ಬುದ್ಧಿ ಹೇಳಿದರು. ಇಪ್ಪತ್ತೆಂಟು ವರ್ಷ ನಾನು ದ್ವೇಷದಿಂದ ಬಡಿಸಿದ್ದೆನೋ ಏನೋ!

ಎರಡು ಗಂಟೆಯಾದರೂ ಆಕೆ ಒಲೆಯಿಂದ ದೂರವಿರಲಿ ಎಂದು ಈ ಸಿನಿಮಾ. ಟಿಕೆಟ್ ಕೊಳ್ಳುವಾಗ ಕಥೆ ಏನೆಂದು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಪರದೆಯ ಮೇಲೆ ನೋಡಿದರೆ, ಇಟಲಿಯಿಂದ ಒಬ್ಬ ಸೋದರತ್ತೆ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಸಿಡ್ನಿಯ ಅಣ್ಣನ ಮಗನ ಮನೆಗೆ ಬರುತ್ತಾಳೆ. ಬಂದವಳೇ ಅಡುಗೆಮನೆಗೆ ನುಗ್ಗುತ್ತಾಳೆ. ವಾರದ ಆಯಾಸವೆಲ್ಲ ಒಟ್ಟಿಗೆ ಹೊರಬಂದಂತೆ ನಾನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಪಕ್ಕದಲ್ಲಿ ಯಾರಿದ್ದಾರೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದೆ. ರೋಸಾ ನಗುತ್ತಿರಲಿಲ್ಲ. ನನ್ನ ಒಂದು ನಗುವಿನಿಂದ ಮಗಳ ಸಂಸಾರಕ್ಕೇ ಕುತ್ತು ಬಂತಲ್ಲ ಎಂದು ಗಾಬರಿಯಾಗಿ ಪಾಪ್‌ಕಾರ್ನ್ ಚಾಚಿದೆ. ಆಕೆ ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿಗೆ, ಪರದೆಯ ಮೇಲಿನ ಆ ಅತ್ತೆ ಹತ್ತು ಜನಕ್ಕೆ ಅಡುಗೆ ಮಾಡಿಟ್ಟು ಕಾಯುತ್ತಾಳೆ, ಯಾರೂ ಬರುವುದಿಲ್ಲ. ರೋಸಾ ಮೆಲ್ಲಗೆ ನನ್ನ ಮುಂಗೈ ಹಿಡಿದುಕೊಂಡರು.

"ಮಾರ್ಕೋನ ಅಪ್ಪ ಹೋದಮೇಲೆ, ಒಬ್ಬಳಿಗೇ ಎಷ್ಟು ಅಡುಗೆ ಮಾಡ್ಬೇಕು ಅಂತ ನನಗಿನ್ನೂ ಗೊತ್ತಾಗಿಲ್ಲ," ಎಂದು ಪಿಸುಗುಟ್ಟಿದರು. "ನಿಮ್ಮನೇಲಿ ಪಾತ್ರೆ ಖಾಲಿ ಆಗುತ್ತೆ. ಅದಕ್ಕೇ ಮಾಡ್ತಾನೇ ಇದೀನಿ."

ನಾನು ಸಿನಿಮಾ ಮುಗಿಯುವವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.

ಹೊರಗೆ ಬಂದಾಗ ಮಾರ್ಕೋ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ನನಗೆ ಸಿಟ್ಟೇ ಬಂತು. ಮಗಳು ಅಪೂರ್ವಳನ್ನು ಪಕ್ಕಕ್ಕೆ ಕರೆದು, "ಹೆತ್ತತಾಯಿಯನ್ನ ನೆನೆಸ್ಕೊಂಡು ಹೀಗೆಲ್ಲ ನಗಬಾರದು ಅಂತ ನಿನ್ನ ಗಂಡನಿಗೆ ಹೇಳೇ," ಎಂದೆ.

"ಅಮ್ಮಾ, ಪ್ಲೀಸ್! ಅವನು ನಗ್ತಿರೋದು ಅವರ ಮಮ್‌ನ ನೆನೆಸ್ಕೊಂಡಲ್ಲ, ನಿನ್ನ ನೆನೆಸ್ಕೊಂಡು," ಎಂದಳು. "ಹೋದ್ಸಲ ಮೆಲ್ಬರ್ನ್‌ಗೆ ಬಂದಾಗ ಅವನ ಕಾಫಿ ಮಷೀನ್ ಎತ್ತಿ ಗ್ಯಾರೇಜ್‌ಗೆ ಹಾಕಿ, ಅದರ ಜಾಗದಲ್ಲಿ ಮಿಕ್ಸಿ ಇಟ್ಟೆಯಲ್ಲ? ಮೂರು ವಾರ ತುಟಿಪಿಟಕ್ಕೆನ್ನದೆ ನಿನ್ನ ಉಪ್ಪಿಟ್ಟು ನುಂಗಿದಾನೆ, ಪಾಪ."

ಹೋಗಿ ಕಾರಿನಲ್ಲಿ ಕೂತು ಕಣ್ಣುಮುಚ್ಚಿದೆ. ಅವನು ತಟ್ಟೆ ಚೊಕ್ಕಟ ಮಾಡುತ್ತಿದ್ದುದನ್ನು ಕಂಡು, ನನ್ನ ಅಳಿಯನಿಗೆ ಉಪ್ಪಿಟ್ಟೆಂದರೆ ಪ್ರಾಣ ಎಂದು ನಾನು ಎಪ್ಪಿಂಗಿನಿಂದ ಬ್ಲ್ಯಾಕ್‌ಟೌನ್‌ವರೆಗೆ ಕಂಡಕಂಡ ಕನ್ನಡಿಗರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.